ತಾರಸಿಯ ಮೇಲಣ ಹಿತ್ತಿಲು

ಹಿತ್ತಿಲಿಲ್ಲದ ಮನೆಯನ್ನು ನಮ್ಮ ತಾಯಿಯವರು ಮನೆಯೆಂದು ಎಣಿಸುತ್ತಲೇ ಇರಲಿಲ್ಲ. ಬೀರೂರಿನ ಹಳೆಯ ಮನೆಗಳು ಒಂದು ಕಾಲಕ್ಕೆ ಬಹುಮಟ್ಟಿಗೆ ಹಾಗೆಯೇ ಇದ್ದುವು. ಬೀದಿಗೆ ಮುಖಮಾಡಿದ ಜಗಲಿ, ನಡುವೆ ಪಡಸಾಲೆ, ದೇವರ ಕೋಣೆ, ಅಡುಗೆಮನೆ, ಅದನ್ನು ದಾಟಿದರೆ ಬಚ್ಚಲು. ಬಚ್ಚಲ ನೀರು ಹರಿದುಹೋಗುವಲ್ಲಿ ಬಾಳೆ, ಅದರಾಚೆಗೆ ಕರಿಬೇವು, ನುಗ್ಗೆ, ದಾಳಿಂಬೆ, ಒಂದೆರಡು ತೆಂಗು. ನಮ್ಮ ಹಿತ್ತಿಲಿನಲ್ಲಿ ಇವೆಲ್ಲದರ ಜೊತೆಗೆ ಒಂದು ಬಿಲ್ವದ ಮರವಿತ್ತು. ನಮ್ಮ ತಂದೆಯವರ ಇಷ್ಟಲಿಂಗಪೂಜೆಗೆ ದಿನವೂ ಪತ್ರೆ ಅದರಿಂದಲೇ ಬರುತ್ತಿತ್ತು. ನೆರೆಹೊರೆಯ ಏಳೆಂಟು ಮನೆಗಳವರು ಬೆಳಕು ಹರಿಯುವ ಮುನ್ನವೇ ಬಂದು, "ಅಯ್ನೋರೇ, ಒಂದೆರಡು ಪತ್ರೆ" ಎಂದು ಕೂಗಿ, ಉತ್ತರಕ್ಕೂ ಕಾಯದೆ ಕೊಯ್ದುಕೊಂಡು ಹೋಗುತ್ತಿದ್ದರು. ಆ ಕೂಗನ್ನು ಕೇಳಿಯೇ ನಮಗೆ ಎಚ್ಚರವಾಗುತ್ತಿತ್ತು.

೨೦೦೯ರಲ್ಲಿ ನಮ್ಮ ಮನೆ ಪಾಲಾಯಿತು. ಹಿರಿಯರಾದ ನಮಗೆ ಮುಂಭಾಗದ ಕಟ್ಟಡ, ತಮ್ಮನಿಗೆ ಹಿತ್ತಿಲು. ಅವನಿಗೆ ಇಬ್ಬರು ಗಂಡುಮಕ್ಕಳು. ಮನೆ ಕಟ್ಟದೆ ಗತ್ಯಂತರವಿರಲಿಲ್ಲ. ಮರವನ್ನು ಉಳಿಸಿಕೊಂಡೇ ಕಟ್ಟಬಹುದೆಂಬುದು ನಮ್ಮ ವಾದ. ಮರ ಉಳಿದರೆ ಒಂದು ಕೋಣೆಯೇ ಹೋಗುವುದೆಂಬುದು ಅವನ ಅಳಲು. ನ್ಯಾಯವಾಗಿ ನೋಡಿದರೆ ಜಾಗ ಅವನದು, ಅಗತ್ಯವೂ ಅವನದು. ಆದರೂ ಮಠದಲ್ಲಿ ಹನ್ನೆರಡು ವರ್ಷ ಓದಿ, ನಾಲ್ಕು ಜನರಿಗೆ ಶರಣರ ಮಾತುಗಳನ್ನು ತಿಳಿಯಹೇಳುತ್ತಿದ್ದ ಈ ನಾಲಗೆ ಅಂದು ಆಡಬಾರದ ಮಾತನ್ನು ಆಡಿತು. "ಪತ್ರೆಯ ಮರ ಕಡಿದವನ ಮನೆಯಲ್ಲಿ ನಾವು ನೀರು ಮುಟ್ಟುವುದಿಲ್ಲ" ಎಂದೆವು. ಅವನು ತಲೆ ತಗ್ಗಿಸಿ ನಿಂತಿದ್ದನು, ಮಾತಾಡಲಿಲ್ಲ. ಮೂರನೆಯ ದಿನ ಕೊಡಲಿಯ ಸದ್ದು ಕೇಳಿಸಿತು. ನಾವು ಪೂಜೆಯ ಕೋಣೆಯ ಬಾಗಿಲು ಹಾಕಿಕೊಂಡೆವು.

ಗಂಡಸರ ಮಾತು ನಿಂತರೂ ಹೆಂಗಸರ ಮಾತು ನಿಂತಿರಲಿಲ್ಲ. ಮರ ಕಡಿಯುವ ಹಿಂದಿನ ಸಂಜೆ ತಮ್ಮನ ಹೆಂಡತಿ ಒಂದು ಎಣ್ಣೆಯ ಡಬ್ಬವನ್ನು ಗೋಡೆಯ ಮೇಲಿಂದ ನಮ್ಮ ಮನೆಯವರ ಕೈಗೆ ದಾಟಿಸಿದ್ದಳು. ಅದರಲ್ಲಿ ಬಿಲ್ವದ ಬುಡದಲ್ಲಿ ತಾನಾಗಿ ಎದ್ದಿದ್ದ ಗೇಣುದ್ದದ ಒಂದು ಸಸಿ. ಪಕ್ಕದಲ್ಲಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ದಾಳಿಂಬೆಯ ನಾಲ್ಕು ಕಡ್ಡಿಗಳು. "ಅಕ್ಕಾ, ಭಾವನೋರಿಗೆ ಹೇಳ್ಬೇಡಿ, ನೆಟ್ಕೊಳ್ಳಿ" ಎಂದಳಂತೆ. ನೆಡುವುದಕ್ಕೆ ನಮಗೆ ಅಂಗೈಯಗಲ ಮಣ್ಣೂ ಉಳಿದಿರಲಿಲ್ಲ. ಉಳಿದಿದ್ದುದು ತಾರಸಿ ಮಾತ್ರ. ಕುಂಡದಲ್ಲಿ ಮರ ಬೆಳೆಸುವ ನಮ್ಮ ವ್ಯವಸಾಯ ಹೀಗೆ ಆರಂಭವಾಯಿತು, ಆಸೆಯಿಂದಲ್ಲ, ಹಟದಿಂದ.

ಮಣ್ಣಿನ ಕೆಲಸ ನಮಗೆ ಹೊಸದಲ್ಲ. ಮಠದಲ್ಲಿ ವಟುಗಳಾಗಿದ್ದಾಗ ಬೆಳಗಿನ ಪಾಠಕ್ಕೆ ಮುನ್ನ ತೋಟಕ್ಕೆ ನೀರು ಹೊತ್ತು ಹಾಕುವುದು ನಮ್ಮ ಪಾಲಿನ ಕಾಯಕವಾಗಿತ್ತು. ಬಾವಿಗೆ ಸಮೀಪದ ಗಿಡಗಳಿಗೆ ಯಥೇಚ್ಛ ನೀರು, ದೂರದವಕ್ಕೆ ಬುಡ ಒದ್ದೆಯಾಗುವಷ್ಟು ಮಾತ್ರ; ಹುಡುಗರ ನ್ಯಾಯ ಎಲ್ಲೆಡೆಯೂ ಒಂದೇ. ನಮ್ಮ ಗುರುಗಳು ಬೈಯುತ್ತಿರಲಿಲ್ಲ. ಕಡೆಯ ಸಾಲಿನ ಗಿಡದ ಬಳಿ ಕುಳಿತು ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸುತ್ತಿದ್ದರು. ಬೆರಳಿಗೆ ಮಣ್ಣು ಅಂಟಿಕೊಂಡು ಬಂದರೆ ಪಾಠಕ್ಕೆ ಕರೆಯುತ್ತಿದ್ದರು. ಒಣಬೆರಳು ಬಂದರೆ ಅದನ್ನು ನಮ್ಮ ಮುಖದ ಮುಂದೆ ಹಿಡಿದು ಸುಮ್ಮನೆ ಎದ್ದುಹೋಗುತ್ತಿದ್ದರು. ಕುಂಡದ ಗಿಡಕ್ಕೆ ನೀರು ಬೇಕೋ ಬೇಡವೋ ಎಂದು ತಿಳಿಯಲು ಇಂದಿಗೂ ಅದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಂಡಿಲ್ಲ.

ಆದರೆ ನೆಲದಲ್ಲಿ ಕಲಿತ ವಿದ್ಯೆ ಕುಂಡದಲ್ಲಿ ಅರ್ಧಕ್ಕರ್ಧ ಕೈಕೊಟ್ಟಿತು. ಮೊದಲನೆಯ ತಪ್ಪು ಮಣ್ಣಿನದು. ಅಜ್ಜಂಪುರದ ಕಡೆಯ ಎರೆಮಣ್ಣು ಫಲವತ್ತಾದುದೆಂಬ ಅಭಿಮಾನದಿಂದ ಅದನ್ನೇ ತರಿಸಿ ತುಂಬಿದೆವು. ಹೊಲದಲ್ಲಿ ಬಂಗಾರದಂತಹ ಆ ಮಣ್ಣು ಕುಂಡದಲ್ಲಿ ಮಳೆ ಬಂದರೆ ಕೆಸರಿನ ಮುದ್ದೆ, ಬಿಸಿಲು ಬಂದರೆ ಇಟ್ಟಿಗೆ. ಒಣಗಿದಾಗ ಕುಂಡದ ಗೋಡೆಯಿಂದ ಬಿಟ್ಟುಕೊಂಡು, ಹಾಕಿದ ನೀರೆಲ್ಲ ಆ ಸಂದಿನಲ್ಲಿ ಸರ್ರನೆ ಇಳಿದುಹೋಗುತ್ತಿತ್ತು. ಬೇರಿಗೆ ಹನಿಯೂ ತಾಗುತ್ತಿರಲಿಲ್ಲ. ದಾಳಿಂಬೆಯ ನಾಲ್ಕು ಕಡ್ಡಿಗಳಲ್ಲಿ ಮೂರು ಹೀಗೆ ಹೋದುವು. ಉಳಿದ ಒಂದನ್ನು ಕಿತ್ತು, ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿದ ಮಿಶ್ರಣಕ್ಕೆ ಬದಲಾಯಿಸಿದ ಮೇಲೆ ಅದು ಚಿಗುರಿತು. ನಾರಿನ ಪುಡಿ ತೆಂಗಿನ ಸೀಮೆಯವರಾದ ನಮಗೆ ದುರ್ಲಭವಲ್ಲ. ಆದರೆ ಹಸಿಯದರಲ್ಲಿ ಉಪ್ಪಿನಂಶವೂ ಒಗರೂ ಇರುವುದರಿಂದ ಎರಡು ಮೂರು ನೀರಿನಲ್ಲಿ ತೊಳೆದು, ಕೆಲವು ತಿಂಗಳು ಕೊಳೆಯಿಸಿಯೇ ಬಳಸಬೇಕು. ಅಮೃತಮಹಲ್ ರಾಸುಗಳ ಕಾವಲುಗಳಿಗೆ ಹೆಸರಾದ ಈ ಸೀಮೆಯಲ್ಲಿ ನಾವು ಸಗಣಿ ಗೊಬ್ಬರವನ್ನು ಚೀಲಕ್ಕೆ ಇಷ್ಟೆಂದು ಹಣ ಕೊಟ್ಟು ತರುವಂತಾದುದನ್ನು ಮಾತ್ರ ಯಾರಿಗೆ ಹೇಳೋಣ!

ಎರಡನೆಯದು ಭಾರ. ಇನ್ನೂರು ಲೀಟರಿನ ಡ್ರಮ್ಮನ್ನು ಅಡ್ಡಲಾಗಿ ಎರಡು ಮಾಡಿದರೆ ಒಂದೊಂದು ಹೋಳೂ ಒಂದು ಮರಕ್ಕೆ ಹೇಳಿಮಾಡಿಸಿದ ಕುಂಡವಾಗುತ್ತದೆ. ಆದರೆ ಒದ್ದೆ ಮಣ್ಣು ತುಂಬಿದಾಗ ಅದರ ತೂಕ ಒಂದು ಕ್ವಿಂಟಾಲನ್ನು ಮೀರುತ್ತದೆ. ತಾರಸಿಯ ನಟ್ಟನಡುವೆ ಇಡದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ, ನೀರು ಬಸಿದುಹೋಗುವಂತೆ ಇಟ್ಟಿಗೆಗಳ ಮೇಲೆ ಇಡಬೇಕು. ನಾವು ಮೊದಲು ಸಿಮೆಂಟಿನ ಕುಂಡಗಳನ್ನು ನಡುವೆ ಸಾಲಾಗಿ ಇಟ್ಟು, ಮಳೆಗಾಲದಲ್ಲಿ ಪಡಸಾಲೆಯ ಸೂರಿನಲ್ಲಿ ತೇವದ ಚಿತ್ತಾರ ಮೂಡಿದ ಮೇಲೆ ಬುದ್ಧಿ ಕಲಿತೆವು. ಸಣ್ಣ ಸಸಿಯನ್ನು ಒಮ್ಮೆಲೇ ದೊಡ್ಡ ಡ್ರಮ್ಮಿಗೆ ಹಾಕುವುದೂ ತರವಲ್ಲ; ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಹುಳಿಯಾಗುತ್ತದೆ. ಹತ್ತು ಹನ್ನೆರಡು ಅಂಗುಲದ ಕುಂಡದಿಂದ ಆರಂಭಿಸಿ, ವರ್ಷ ಎರಡು ವರ್ಷಕ್ಕೊಮ್ಮೆ ಮೇಲೇರಿಸುತ್ತ ಹೋಗಬೇಕು, ಮಕ್ಕಳಿಗೆ ಅಂಗಿ ಹೊಲಿಸಿದಂತೆ.

ದಾಳಿಂಬೆ ಚಿಗುರಿದ ಹುರುಪಿನಲ್ಲಿ ಒಂದೊಂದಾಗಿ ಬೇರೆ ಗಿಡಗಳೂ ಬಂದುವು. ಇಲ್ಲಿ ಒಂದು ಮಾತು. ಬೀಜದಿಂದ ಎದ್ದ ಮಾವು ಫಲಕ್ಕೆ ಬರಲು ಆರೇಳು ವರ್ಷವೋ ಇನ್ನೂ ಹೆಚ್ಚೋ ಬೇಕು. ಅಷ್ಟರಲ್ಲಿ ಅದು ಕುಂಡವನ್ನು ಮೀರಿರುತ್ತದೆ. ಕಸಿ ಗಿಡವಾದರೆ ಎರಡು ಮೂರು ವರ್ಷಕ್ಕೇ ಹೂ. ೧೯೬೭ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಂಗನಪಲ್ಲಿ ಮತ್ತು ಆಪೂಸುಗಳನ್ನು ಕೂಡಿಸಿ ಮಾಡಿದ 'ಅರ್ಕಾ ಅರುಣ', ದೆಹಲಿಯ ವಿಜ್ಞಾನಿಗಳು ದಶಹರಿ ಮತ್ತು ನೀಲಂಗಳನ್ನು ಕೂಡಿಸಿ ಮಾಡಿದ 'ಆಮ್ರಪಾಲಿ' ಇವು ಗಿಡ್ಡ ಜಾತಿಯವು, ಕುಂಡಕ್ಕೆ ಒಗ್ಗುತ್ತವೆ. ನಮ್ಮ ಪಾಲಿಗೆ ಬಂದ ಮೊದಲ ಮಾವಿನ ಕಥೆ ಬೇರೆ. ಸಂತೆಯಲ್ಲಿ ಕೊಂಡ ಆ ಗಿಡ ಒಂದೇ ವರ್ಷದಲ್ಲಿ ಆಳೆತ್ತರವಾಯಿತು. ನಾವು ಬಂದವರಿಗೆಲ್ಲ ತೋರಿಸಿ ಬೀಗಿದೆವು. ತೋಟದ ಕೆಲಸ ಬಲ್ಲ ಒಬ್ಬ ವೃದ್ಧರು ಬಗ್ಗಿ ನೋಡಿ, "ಅಯ್ನೋರೇ, ಕಸಿ ಕಟ್ಟಿದ ಕೊಂಬೆ ಒಣಗಿ ಆರು ತಿಂಗಳಾಗೈತೆ, ನೀವು ಸಾಕ್ತಿರೋದು ಕೆಳಗಿನ ಕಾಡು ಗಿಡಾನ" ಎಂದರು. ಕಸಿಯ ಗಂಟಿಗಿಂತ ಕೆಳಗೆ ಒಡೆದ ಚಿಗುರನ್ನು ಆಗಾಗ ಚಿವುಟದಿದ್ದರೆ ಹೀಗೆ ಬೇರಿನ ಗಿಡವೇ ಮೇಲಿನದನ್ನು ನುಂಗಿಬಿಡುತ್ತದೆ. ಗಂಟನ್ನು ಮಣ್ಣಿನಲ್ಲಿ ಹೂಳಲೂಬಾರದು. ೧೯೬೩ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಬರಲು ಕಾರಣರಾದ ಡಾ. ಎಂ. ಎಚ್. ಮರಿಗೌಡರ ಪುಣ್ಯದಿಂದ ನಾಡಿನ ಊರೂರುಗಳ ಬಳಿ ಇಲಾಖೆಯ ತೋಟಗಳಿವೆ. ಸಂತೆಯ ಗಿಡಕ್ಕಿಂತ ಅಲ್ಲಿನ ಗಿಡ ಲೇಸೆಂಬುದು ನಮ್ಮ ಅನುಭವ.

ಬಾದಾಮಿಯ ಪ್ರಸಂಗವನ್ನು ಹೇಳಿದರೆ ಓದುಗ ಬಂಧುಗಳು ನಗಬಹುದು. ತಳ್ಳುಗಾಡಿಯವನೊಬ್ಬನು ಕಾಶ್ಮೀರದ ಬಾದಾಮಿಯೆಂದು ಪ್ರಮಾಣ ಮಾಡಿ ಕೊಟ್ಟ ಸಸಿ, ಅಗಲವಾದ ಎಲೆಗಳನ್ನು ಬಿಟ್ಟು, ಆ ಎಲೆಗಳು ಉದುರುವ ಮುನ್ನ ಕೆಂಪಾದಾಗಲೇ ನಮಗೆ ಗುರುತು ಸಿಕ್ಕಿತು: ಶಾಲೆಗಳ ಅಂಗಳದಲ್ಲಿ ನೆರಳಿಗೆ ಬೆಳೆಸುವ ಕಾಡುಬಾದಾಮಿ! ಅದರ ಬೀಜವನ್ನೂ ಕುಟ್ಟಿ ತಿನ್ನಬಹುದು, ಮಕ್ಕಳು ತಿನ್ನುತ್ತಾರೆ. ಆದರೆ ಅದು ಕೊಡೆಯಂತೆ ಹರಡುವ ಹೆಮ್ಮರ, ಕುಂಡದ್ದಲ್ಲ. ನಿಜವಾದ ಬಾದಾಮಿಗೆ ಚಳಿಗಾಲದ ಕೊರೆತ ಬೇಕು. ನಮ್ಮ ಬಯಲುಸೀಮೆಯ ಹವೆಯಲ್ಲಿ ಅದು ಬದುಕಿದರೂ ಕಾಯಿ ಕಚ್ಚುವುದನ್ನು ನಿರೀಕ್ಷಿಸಲಾಗದು. ಬೀಜದ ಫಲ ಬೇಕೆಂಬ ಮೊಮ್ಮಕ್ಕಳ ಹಟಕ್ಕೆ ಕೊನೆಗೆ ಒದಗಿದ್ದು ಗೇರು. ಪುತ್ತೂರಿನಲ್ಲಿ ೧೯೮೬ರಿಂದ ಗೋಡಂಬಿಗೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಆ ಕಡೆಯ ಬೀಗರೊಬ್ಬರು ಕಸಿ ಗಿಡವೊಂದನ್ನು ತಂದುಕೊಟ್ಟರು. ನೀರು ನಿಲ್ಲದಂತೆ ನೋಡಿಕೊಂಡು, ತುದಿ ಸವರುತ್ತ ಬಂದರೆ ಅರ್ಧ ಡ್ರಮ್ಮಿನಲ್ಲಿ ಅದು ತೃಪ್ತವಾಗಿರುತ್ತದೆ. ಮೂರನೆಯ ವರ್ಷ ಹನ್ನೊಂದು ಬೀಜ ಬಿಟ್ಟಿತು. ಹಣ್ಣಿನ ಪರಿಮಳ ಬೀದಿಯವರೆಗೆ ಹರಡಿತು. ಆದರೆ ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುವಂತಹದು. ನಮ್ಮ ಮನೆಯವರು ಹಸಿಬೀಜವನ್ನು ಈಳಿಗೆಮಣೆಗೆ ಕೊಟ್ಟು ಬೆರಳುಗಳಲ್ಲಿ ಬೊಕ್ಕೆ ಎಬ್ಬಿಸಿಕೊಂಡರು. ಮಕ್ಕಳಿರುವ ಮನೆಯವರು ಈ ವಿಷಯದಲ್ಲಿ ಜಾಗರೂಕರಾಗಿರಬೇಕು. ಬಯಲಿನಲ್ಲಿ ಬೆಂಕಿಗೆ ಹಾಕಿ, ಹೊಗೆಯಿಂದ ದೂರ ನಿಂತು ಸುಟ್ಟು, ತಣಿದ ಮೇಲೆ ಒಡೆಯುವುದೇ ಹಳೆಯ ಪದ್ಧತಿ. ಹನ್ನೊಂದು ಬೀಜಕ್ಕೆ ಇಷ್ಟು ಪಾಡೇ ಎಂದರೆ, ಅಂಗಡಿಯಿಂದ ತಂದ ಗೋಡಂಬಿಯನ್ನು ಆ ಮಕ್ಕಳು ಈಗ ಮೊದಲಿನಂತೆ ಮುಕ್ಕುವುದಿಲ್ಲ, ಎಣಿಸಿ ತಿನ್ನುತ್ತಾರೆ.

ಸೀಬೆ, ಅಂಜೂರ, ನಿಂಬೆಗಳ ಬಗೆಗೆ ಹೆಚ್ಚು ಹೇಳುವುದಿಲ್ಲ. ಸೀಬೆಯೂ ಅಂಜೂರವೂ ಹೊಸ ಚಿಗುರಿನಲ್ಲಿ ಫಲ ಕೊಡುವುದರಿಂದ ಕತ್ತರಿಗೆ ಅಂಜಬಾರದು. ನಿಂಬೆಗೆ ನಮ್ಮ ಕೊಳವೆಬಾವಿಯ ಗಡಸು ನೀರು ಆಗದು. ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿ, ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದು ಹಳದಿಯಾದರೆ ಅದೇ ಕುರುಹು. ತಾರಸಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಅದಕ್ಕೆ ಮೀಸಲಿಡಬೇಕು.

ದಾಳಿಂಬೆಯ ವಿಷಯಕ್ಕೆ ಮರಳೋಣ, ಏಕೆಂದರೆ ನಮಗೆ ಪಾಠ ಕಲಿಸಿದ್ದು ಅದೇ. ಎರಡನೆಯ ವರ್ಷವೇ ಅದು ಮೈತುಂಬ ಹೂ ಬಿಟ್ಟಿತು. ಎಳೆಯ ಗಿಡ ಹೊರಲಾರದೆಂದು ತಿಳಿದವರು ಹೇಳಿದ್ದರಿಂದ ಹೂಗಳನ್ನೆಲ್ಲ ಉದುರಿಸಿದೆವು, ಮೊಮ್ಮಗಳು ಅತ್ತಳು. ಆಗ ಅವಳನ್ನು ಕೂರಿಸಿಕೊಂಡು ಆಯ್ದಕ್ಕಿ ಮಾರಯ್ಯನ ಕಥೆಯನ್ನು ಹೇಳಿದೆವು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುತಂದು ದಾಸೋಹ ಮಾಡುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮನು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳಷ್ಟೆ. ಮೊಮ್ಮಗಳು ಕಥೆ ಕೇಳಿ, "ಹಾಗಾದ್ರೆ ಹೂವನ್ನ ವಾಪಸ್ ಗಿಡಕ್ಕೆ ಅಂಟಿಸಿ ಅಜ್ಜ" ಎಂದಳು. ನಮ್ಮ ಪಾಂಡಿತ್ಯಕ್ಕೆ ಉತ್ತರ ಹೊಳೆಯಲಿಲ್ಲ.

ಮರುವರ್ಷ ಆರು ಕಾಯಿ ನಿಂತುವು. ಆ ಶ್ರಾವಣದಲ್ಲಿ ನಾವು ಪ್ರವಚನಕ್ಕೆಂದು ಪರಊರಿನಲ್ಲಿದ್ದೆವು. ಮಳೆಯೂ ತಡವಾಯಿತು. ನಮ್ಮ ಮನೆಯವರಿಗೆ ಮಂಡಿನೋವು; ಮೂರು ದಿನಕ್ಕೊಮ್ಮೆ ಮೆಟ್ಟಿಲೇರಿ ಇಷ್ಟಿಷ್ಟು ನೀರು ಹಾಕುತ್ತಿದ್ದರು. ಊರಿಗೆ ಬಂದ ನಾವು ಬಾಡಿದ ಎಲೆಗಳನ್ನು ಕಂಡು ಕರುಣೆಯುಕ್ಕಿ ಎರಡು ಕೊಡ ನೀರು ಒಮ್ಮೆಲೇ ಸುರಿದೆವು. ಮೂರನೆಯ ದಿನಕ್ಕೆ ಆರರಲ್ಲಿ ನಾಲ್ಕು ಕಾಯಿ ಬಿರಿದು ಬಾಯಿಬಿಟ್ಟುವು. ಒಣಗಿದ ಕಾಲದಲ್ಲಿ ದಾಳಿಂಬೆಯ ಸಿಪ್ಪೆ ಬಿಗಿದುಕೊಂಡಿರುತ್ತದೆ; ತಟ್ಟನೆ ನೀರು ಸಿಕ್ಕಿದಾಗ ಒಳಗಿನ ಕಾಳು ಉಬ್ಬುತ್ತದೆ, ಸಿಪ್ಪೆ ಹಿಗ್ಗಲಾರದೆ ಸೀಳುತ್ತದೆ. ಬೋರಾನ್ ಎಂಬ ಸತ್ತ್ವದ ಕೊರತೆಯಿಂದಲೂ ಹೀಗಾಗುವುದುಂಟೆಂದು ಬಲ್ಲವರು ಹೇಳುತ್ತಾರೆ. ಆದರೆ ನಮ್ಮ ಗಿಡದಲ್ಲಿ ತಪ್ಪು ನಮ್ಮದೇ. ನೆಲದ ಮರವಾದರೆ ಬೇರನ್ನು ಆಳಕ್ಕೆ ಇಳಿಸಿ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಕುಂಡದ ಮರಕ್ಕೆ ನಮ್ಮ ಕೈಯೇ ನೆಲ, ನಮ್ಮ ಕೈಯೇ ಮಳೆ. ಪೂಜೆಯನ್ನು ಒಂದು ವಾರ ಬಿಟ್ಟು, ಎಂಟನೆಯ ದಿನ ಎಂಟು ಸಲ ಮಾಡುತ್ತೇವೆಂದರೆ ಆಗುವುದುಂಟೆ?

ಒಮ್ಮೆ ಪ್ರವಚನದ ತರುವಾಯ ಭಕ್ತರೊಬ್ಬರು, "ಮರವನ್ನು ಡ್ರಮ್ಮಿನಲ್ಲಿ ಸೆರೆಯಿಡುವುದು ಹಿಂಸೆಯಲ್ಲವೇ ಶಾಸ್ತ್ರಿಗಳೇ?" ಎಂದು ಕೇಳಿದರು. ಅಂದು ಏನೋ ಹೇಳಿ ಜಾರಿಕೊಂಡೆವು. ಪ್ರಶ್ನೆ ಮಾತ್ರ ಮನಸ್ಸಿನಿಂದ ಜಾರಲಿಲ್ಲ. ಕುಂಡದಲ್ಲಿಯೂ ಮರ ದೀರ್ಘಾಯುವಾಗಬಲ್ಲದು. ಫ್ರಾನ್ಸ್ ದೇಶದ ವರ್ಸೇ ಅರಮನೆಯಲ್ಲಿ ಕಿತ್ತಳೆ ಮೊದಲಾದ ಗಿಡಗಳಿಗಾಗಿಯೇ ೧೬೮೪ರಿಂದ ೧೬೮೬ರವರೆಗೆ ಕಟ್ಟಿಸಿದ ಮಂದಿರವೊಂದಿದೆ. ಮರದ ಪೆಟ್ಟಿಗೆಗಳಲ್ಲಿ ಬೆಳೆಸಿದ ಸಾವಿರಕ್ಕೂ ಮಿಕ್ಕ ಗಿಡಗಳನ್ನು ಚಳಿಗಾಲದಲ್ಲಿ ಒಳಗಿಟ್ಟು, ಬೇಸಗೆಯಲ್ಲಿ ಅಂಗಳಕ್ಕೆ ತರುತ್ತಾರೆ. ಅವುಗಳಲ್ಲಿ ಕೆಲವಕ್ಕೆ ಇನ್ನೂರು ವರ್ಷ ಮೀರಿದೆ. ಆ ಪೆಟ್ಟಿಗೆಗಳ ಪಕ್ಕದ ಹಲಗೆಗಳನ್ನು ಬಿಚ್ಚಬಹುದಂತೆ, ಬೇರನ್ನು ಸವರಿ ಹೊಸ ಮಣ್ಣು ಕೊಡುವುದಕ್ಕಾಗಿ. ನಾವೂ ಎರಡು ಮೂರು ವರ್ಷಕ್ಕೊಮ್ಮೆ, ಗಿಡ ವಿಶ್ರಾಂತಿಯಲ್ಲಿರುವಾಗ ಅದನ್ನು ಹೊರಗೆಳೆದು, ಸುತ್ತಲೂ ಎರಡಂಗುಲ ಬೇರನ್ನು ಕೊಯ್ದು, ಮೇಲಿನ ಕೊಂಬೆಯನ್ನೂ ಅದೇ ಪ್ರಮಾಣದಲ್ಲಿ ಸವರಿ, ಹೊಸ ಮಣ್ಣಿನಲ್ಲಿ ಕೂರಿಸುತ್ತೇವೆ. ಸವರದೆ ಬಿಟ್ಟರೆ ಬೇರುಗಳು ಕುಂಡದೊಳಗೆ ಸಿಂಬೆಯಂತೆ ಸುತ್ತಿಕೊಂಡು ತಮ್ಮನ್ನು ತಾವೇ ಹಿಸುಕಿಕೊಳ್ಳುತ್ತವೆ. ತಂತಿ ಬಿಗಿದು ಗೇಣುದ್ದಕ್ಕೆ ಇಳಿಸುವ ಬೋನ್ಸಾಯ್ ನಮ್ಮ ಮನಸ್ಸಿಗೆ ಒಪ್ಪಿಲ್ಲ. ಬಲ್ಲವರು ಅದನ್ನು ಕಲೆಯೆನ್ನುತ್ತಾರೆ, ಇರಲಿ. ಇನ್ನು ಬೆಂಗಳೂರಿನಂತಹ ಊರಿನಲ್ಲಿ ಕುಂಡವಿಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಗಿಡದ ಮೇಲಿನ ಹಣ್ಣನ್ನು ಕಾಣುವ ಭಾಗ್ಯವೇ ಇರುತ್ತಿರಲಿಲ್ಲ. ಅಲ್ಲಿ ಡಾ. ಬಿ. ಎನ್. ವಿಶ್ವನಾಥ್ ಅವರಂತಹ ಕೃಷಿ ವಿಜ್ಞಾನಿಗಳು ತಾರಸಿ ತೋಟದ ವಿದ್ಯೆಯನ್ನು ಸಾಮಾನ್ಯ ಗೃಹಸ್ಥರಿಗೆ ಹಂಚಿದ್ದು ದೊಡ್ಡ ಉಪಕಾರ.

ಸೆರೆಯ ಪ್ರಶ್ನೆ ನಮ್ಮನ್ನು ನಿಜವಾಗಿ ಕಾಡುತ್ತಿದ್ದುದು ಬಿಲ್ವದ ಮುಂದೆ ನಿಂತಾಗ. ಅದು ಹಣ್ಣಿನ ಮರವೇ. ನೆಲದಲ್ಲಿದ್ದರೆ ಗಟ್ಟಿ ಓಡಿನ ಕಾಯಿ ಬಿಟ್ಟು, ಹಣ್ಣಿನ ಪಾನಕ ಹೊಟ್ಟೆಯ ಬೇನೆಗೆ ಮದ್ದಾಗುತ್ತದೆ. ಆದರೆ ಅದರ ತಾಯಿಬೇರು ಆಳಕ್ಕೆ ಇಳಿಯುವ ಸ್ವಭಾವದ್ದು. ಡ್ರಮ್ಮಿನಲ್ಲಿ ಅದು ನಮಗೆ ಪತ್ರೆಯನ್ನು ಕೊಟ್ಟಿತು, ಹಣ್ಣನ್ನಲ್ಲ. ಪತ್ರೆಗೂ ಪಾಲುದಾರರು ಬಂದರು. ಬಿಲ್ವ, ನಿಂಬೆ, ಬೇಲ, ಕರಿಬೇವುಗಳನ್ನು ಸಸ್ಯಶಾಸ್ತ್ರಜ್ಞರು ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ. ನಿಂಬೆಯ ಚಿಟ್ಟೆಗೆ ಆ ಶಾಸ್ತ್ರ ಮೊದಲೇ ಗೊತ್ತು. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಎಲೆಯ ಮೇಲೆ ಬಿದ್ದಿರುತ್ತದೆ, ಬೆಳೆದ ಮೇಲೆ ಎಲೆಯದೇ ಹಸಿರು, ಮುಟ್ಟಿದರೆ ಕಿತ್ತಳೆ ಬಣ್ಣದ ಕೊಂಬನ್ನು ಚಾಚಿ ನಾರುತ್ತದೆ. ತುಂಡಾದ ದಳ ಪೂಜೆಗೆ ಸಲ್ಲದೆಂಬ ವಾಡಿಕೆ. ಒಂದು ವಾರ ನಮಗೆ ಒಂದು ಇಡೀ ಪತ್ರೆ ಸಿಗಲಿಲ್ಲ. ಔಷಧಿ ಸಿಂಪಡಿಸುವ ಯೋಚನೆ ಬಂದಿತು. "ಲಿಂಗಕ್ಕೆ ಏರಿಸೋ ಎಲೆಗೆ ವಿಷ ಹೊಡೀತೀರೇನ್ರೀ? ಅವಕ್ಕೂ ಒಂದು ಕುಂಡ ಬಿಟ್ಬಿಡಿ ಅತ್ಲಾಗೆ" ಎಂದರು ನಮ್ಮ ಮನೆಯವರು. ಅಂದಿನಿಂದ ಕುಂಡದ ಕರಿಬೇವೊಂದು ಹುಳುಗಳ ಪಾಲಿನದು; ಬೆಳಗ್ಗೆ ಒಂದೊಂದನ್ನೇ ಎಲೆಸಮೇತ ಎತ್ತಿ ಅಲ್ಲಿಗೆ ಬಿಡುತ್ತೇವೆ.

೨೦೧೬ರಲ್ಲಿ ಮಳೆ ಕೈಕೊಟ್ಟಿತು. ಕಡೂರು ಸೀಮೆಯಲ್ಲಿ ಫಲ ಬಿಡುತ್ತಿದ್ದ ತೆಂಗಿನ ತೋಟಗಳೇ ಸುಳಿ ಬಾಗಿ ಒಣಗಿದ ಕಾಲವದು. ನಮ್ಮ ಕೊಳವೆಬಾವಿಯೂ ಸೋತಿತು. ಟ್ಯಾಂಕರಿನ ನೀರು ಕೊಂಡು ಕುಡಿಯುತ್ತ, ಅಕ್ಕಿ ಬೇಳೆ ತೊಳೆದ ನೀರನ್ನು ಕುಂಡಗಳಿಗೆ ಹೊತ್ತೆವು. ಮರುವರ್ಷ ಯುಗಾದಿಯ ತರುವಾಯ ದಾವಣಗೆರೆಯಲ್ಲಿ ಮಗಳ ಎರಡನೆಯ ಹೆರಿಗೆಗೆ ನಾವಿಬ್ಬರೂ ಹೋಗಬೇಕಾಯಿತು. ಗಿಡಗಳಿಗೆ ನೀರು ಹಾಕಲು ಬೀದಿಯ ಹುಡುಗನೊಬ್ಬನಿಗೆ ಹೇಳಿ, ಮುಂಗಡವನ್ನೂ ಕೊಟ್ಟು ಹೋದೆವು. ನಾಲ್ಕೇ ದಿನಕ್ಕೆ ಅವನು ರಜೆಯೆಂದು ಸೋದರಮಾವನ ಊರಿಗೆ ನಡೆದನಂತೆ. ಇದು ನಮಗೆ ತಿಳಿದದ್ದು ಮೂರು ವಾರ ಕಳೆದು, ಬಸವ ಜಯಂತಿಗೆ ಎರಡು ದಿನ ಮುನ್ನ ಊರಿಗೆ ಬಂದು ಇಳಿದಾಗ. ಏಪ್ರಿಲ್ ತಿಂಗಳ ತಾರಸಿಯ ಬಿಸಿಲಿನಲ್ಲಿ ಹದಿನೇಳು ದಿನ! ಮೆಟ್ಟಿಲೇರುವಾಗಲೇ ಎಲ್ಲವೂ ಮುಗಿದಿದೆಯೆಂದು ನಿಶ್ಚಯಿಸಿಕೊಂಡಿದ್ದೆವು.

ದಾಳಿಂಬೆ ಹಸಿರಾಗಿತ್ತು. ಸೀಬೆ ಹಸಿರಾಗಿತ್ತು. ಬಿಲ್ವ ಮಾತ್ರ ಒಂದೆಲೆಯೂ ಇಲ್ಲದೆ ಬೋಳಾಗಿ ನಿಂತಿತ್ತು. ಅದುವರೆಗೆ ಅದು ಎಲೆ ಉದುರಿಸಿದರೂ ಹೀಗೆ ಪೂರ್ತಿ ಬೋಳಾದುದನ್ನು ನಾವು ಕಂಡಿರಲಿಲ್ಲ. ಕುಳಿತು ಬುಡದ ಮಣ್ಣಿಗೆ ಬೆರಳು ಇಳಿಸಿದೆವು.

ಮಣ್ಣು ಅಂಟಿಕೊಂಡು ಬಂತು.

ತಲೆಯೆತ್ತಿದರೆ ಹಿಂದಿನ ಮನೆಯ ತಾರಸಿಯಲ್ಲಿ ತಮ್ಮನು ನಿಂತಿದ್ದನು. ಕೈಯಲ್ಲಿ ಕೊಡ. ಎರಡು ತಾರಸಿಗಳ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಎಂಟು ವರ್ಷಗಳಿಂದ ಆ ಗೋಡೆಯ ಬಳಿ ನಾವಿಬ್ಬರೂ ಎದುರೆದುರು ನಿಂತಿರಲಿಲ್ಲ. "ಅಣ್ಣ, ಪತ್ರೆ ಗಿಡ ಸತ್ತಿಲ್ಲ" ಎಂದನು. "ಹಿತ್ತಿಲ ಮರಾನೂ ಬೇಸಗೇಲಿ ಹೀಗೇ ಬೋಳಾಗ್ತಿತ್ತಲ್ಲ, ಅವ್ವ ಹೇಳ್ತಿದ್ಲು. ಇನ್ನೊಂದು ವಾರಕ್ಕೆ ಚಿಗುರ್ತದೆ. ನಿಂಬೆಗೆ ಮಾತ್ರ ನೀರು ಒಂದಿಷ್ಟು ಜಾಸ್ತಿ ಆಯ್ತೇನೋ, ನನಗೆ ಅಂದಾಜಿಲ್ಲ."

ಅವನ ಮನೆಗೂ ಟ್ಯಾಂಕರಿನ ನೀರೇ. ನಾಲ್ಕು ಜನ ಉಣ್ಣುವ ಮನೆ. ಅದರಲ್ಲಿ ದಿನಕ್ಕೆ ಎರಡು ಕೊಡ ನಮ್ಮ ಹನ್ನೊಂದು ಕುಂಡಗಳಿಗೆ ಬಂದಿತ್ತು. ಬಾಯಲ್ಲಿ ಮಾತು ಸಿಗದೆ, "ಕೆಳಗೆ ಬಾ, ಕಾಫಿ ಕುಡಿದು ಹೋಗು" ಎಂದೆವು. ಅವನು ಕೊಡವನ್ನು ಕೆಳಗಿಟ್ಟು, "ನಮ್ಮನೇಲೇ ಕಾಫಿ ಆಗಿದೆ. ನೀವೇ ಬನ್ನಿ" ಎಂದನು. ನಾವು ಎಂಟು ವರ್ಷದ ಹಿಂದೆ ಆಡಿದ ಮಾತು ಇಬ್ಬರಿಗೂ ನೆನಪಿತ್ತು, ಇಬ್ಬರೂ ಅದನ್ನೆತ್ತಲಿಲ್ಲ. ಗೋಡೆ ದಾಟಿ, ಅವನ ಮನೆಯ ಮೆಟ್ಟಿಲಿಳಿದು ಹೋದೆವು. ತಮ್ಮನ ಹೆಂಡತಿ ಮೊದಲು ಕೈಗೆ ಕೊಟ್ಟದ್ದು ಒಂದು ಲೋಟ ನೀರು. ಕುಳಿತ ಕೋಣೆ ಯಾವುದೆಂದು ಆಮೇಲೆ ಲೆಕ್ಕ ಹಾಕಿದೆವು. ಬಿಲ್ವದ ಮರವಿದ್ದ ಜಾಗವೇ ಅದು. ಹುಡುಗರು ಓದುವ ಮೇಜು ಅಲ್ಲಿತ್ತು.

ಬಿಲ್ವ ಚಿಗುರಿತು. ಇನ್ನೂ ಐದು ವರ್ಷ ಡ್ರಮ್ಮಿನಲ್ಲಿಯೇ ಇದ್ದು, ಕೊನೆಗೆ ತಳದ ತೂತಿನಿಂದ ಬೇರು ಹೊರಬಂದು ಇಟ್ಟಿಗೆಯನ್ನು ಅಪ್ಪಿಕೊಂಡಿತು. ಬೇರೆಯವುಗಳಂತೆ ಇದರ ಬೇರನ್ನು ಕೊಯ್ಯಲು ನಮಗೆ ಧೈರ್ಯ ಬರಲಿಲ್ಲ. ತಮ್ಮನಿಗೆ ಊರಾಚೆ ಒಂದಿಷ್ಟು ತೆಂಗಿನ ತೋಟವಿದೆ. ೨೦೨೨ರ ಜೂನಿನಲ್ಲಿ ಮೊದಲ ಮಳೆ ಬಿದ್ದ ಮೇಲೆ, ಅವನ ಮಕ್ಕಳಿಬ್ಬರು ಅದನ್ನು ಹಗ್ಗ ಕಟ್ಟಿ ಕೆಳಗಿಳಿಸಿ, ಗಾಡಿಯಲ್ಲಿ ಒಯ್ದು, ಡ್ರಮ್ಮನ್ನು ಸೀಳಿ, ಬಾವಿಯ ಬಳಿಯ ಮೂಲೆಯಲ್ಲಿ ನೆಟ್ಟರು. ಒಂದು ವಾರ ಎಲೆ ಇಳಿಬಿಟ್ಟುಕೊಂಡು ನಮ್ಮನ್ನು ಹೆದರಿಸಿತು. ೨೦೨೩ರಲ್ಲಿ ಮತ್ತೆ ಮಳೆ ಕಡಿಮೆಯಾದಾಗ ಅದಕ್ಕೆ ನೀರು ಹೊತ್ತವನು ತಮ್ಮನೇ. ಈಗ ಅದು ಅವನಿಗಿಂತ ಎತ್ತರವಾಗಿದೆ. ಪ್ರತಿ ಸೋಮವಾರ ತೋಟದಿಂದ ಬರುವಾಗ ಒಂದು ಹಿಡಿ ಪತ್ರೆಯನ್ನು ಬಾಳೆಲೆಯಲ್ಲಿ ಸುತ್ತಿ ನಮ್ಮ ಜಗಲಿಯ ಮೇಲಿಟ್ಟು ಹೋಗುತ್ತಾನೆ. ತಾರಸಿಯಲ್ಲಿ ಅದು ತೆರವು ಮಾಡಿದ ಜಾಗದಲ್ಲಿ ಅವನ ಹೆಂಡತಿಯೂ ನಮ್ಮ ಮನೆಯವರೂ ಸೇರಿ ಅಂಜೂರದ ಎರಡು ಕಡ್ಡಿಗಳನ್ನು ಊರಿದ್ದಾರೆ. ಒಂದರಲ್ಲಿ ಚಿಗುರು ಕಾಣಿಸಿದೆ. ಇನ್ನೊಂದನ್ನು ಕೀಳಬೇಡಿರೆಂದು ನಮಗೆ ಅಪ್ಪಣೆಯಾಗಿದೆ.